ಶಾಸನಸಭಾ ಸದಸ್ಯರ ಅವಧಿ ಮಿತಿ

ಒಬ್ಬ ವ್ಯಕ್ತಿ ಒಂದು ಶಾಸನಸಭೆಗೆ ಎಷ್ಟು ಸಲ ಆಯ್ಕೆಯಾಗಬಹುದು, ಒಟ್ಟು ಎಷ್ಟು ವರ್ಷ ಅಲ್ಲಿ ಕೂರಬಹುದು ಎಂಬುದಕ್ಕೆ ಸಂವಿಧಾನವೋ ಕಾನೂನೋ ಪಕ್ಷದ ಕಟ್ಟಳೆಯೋ ಹಾಕುವ ಮೇರೆಯನ್ನು ಅವಧಿ ಮಿತಿ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಆಜೀವ ಮಿತಿ ಇರುವಲ್ಲಿ ಗೊತ್ತುಪಡಿಸಿದ ಕಾಲ ಮುಗಿಸಿದವರು ಮತ್ತೆಂದೂ ಆ ಸಭೆಗೆ ಸ್ಪರ್ಧಿಸುವಂತಿಲ್ಲ. ಸತತ ಮಿತಿ ಇರುವಲ್ಲಿ ಒಂದು ಅವಧಿ ಹೊರಗಿದ್ದು ಮರಳಬಹುದು. ರಾಷ್ಟ್ರಾಧ್ಯಕ್ಷರಿಗೆ ಮಿತಿ ಹಾಕಿರುವ ದೇಶಗಳು ಬಹಳ. ರಾಷ್ಟ್ರೀಯ ಶಾಸನಸಭೆಯ ಸದಸ್ಯರಿಗೆ ಹಾಕಿರುವವು ಕೆಲವೇ. ಆ ಕೆಲವುಗಳಲ್ಲೂ ಹಲವು ಅದನ್ನು ತೆಗೆದಿವೆ, ಕೆಲವು ತೆಗೆದು ಮತ್ತೆ ತಂದಿವೆ. ಖಾಲಿಯಾದ ಕುರ್ಚಿಯಲ್ಲಿ ಯಾರು ಕೂತರು, ಕುರ್ಚಿ ಬಿಟ್ಟವರ ಮುಂದಿನ ಬದುಕು ಯಾರ ಕೈಯಲ್ಲಿತ್ತು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಈ ಚರಿತ್ರೆ ಅರ್ಥವಾಗುವುದಿಲ್ಲ.

ಪ್ರಾಚೀನ ಅಥೆನ್ಸ್‌ನಲ್ಲಿ ಹತ್ತು ಕುಲಗಳಿಂದ ತಲಾ 50 ಮಂದಿಯನ್ನು ಚೀಟಿ ಎತ್ತಿ ಆರಿಸಿದ 500 ಜನರ ಮಂಡಲಿ ಒಂದು ವರ್ಷ ಕೆಲಸ ಮಾಡುತ್ತಿತ್ತು. ಒಬ್ಬ ನಾಗರಿಕ ತನ್ನ ಆಯುಷ್ಯದಲ್ಲಿ ಎರಡು ಸಲಕ್ಕಿಂತ ಹೆಚ್ಚು ಅದರಲ್ಲಿ ಇರುವಂತಿರಲಿಲ್ಲ. ದಕ್ಷಿಣ ಭಾರತದಲ್ಲಿ ಇದಕ್ಕೆ ಹತ್ತಿರವಾದ ನಿದರ್ಶನವೆಂದರೆ ಕಾಂಚೀಪುರದ ಬಳಿಯ ಉತ್ತರಮೇರೂರಿನ ಶಾಸನಗಳು. ಚೋಳ ದೊರೆ ಒಂದನೇ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಈ ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಕೊಡದೊಳಗಿನ ಓಲೆ ಎತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನು ಹೇಳುತ್ತವೆ. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಸಮಿತಿಯಲ್ಲಿ ಇದ್ದವರ ಹೆಸರನ್ನು ಕೊಡಕ್ಕೆ ಹಾಕುವಂತಿರಲಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರ ಜೊತೆಗೆ ಅವರ ಹತ್ತಿರದ ನೆಂಟರನ್ನೂ ಹೊರಗಿಟ್ಟಿದ್ದರು. ಇವು ಬ್ರಾಹ್ಮಣ ಅಗ್ರಹಾರದ, ಭೂಮಿ ಉಳ್ಳವರ ಸಭೆಯ ನಿಯಮಗಳು. ಇವತ್ತಿನ ಪ್ರಜಾಪ್ರಭುತ್ವಕ್ಕೆ ಇವನ್ನು ಸಮವಾಗಿ ಇಡಲಾಗದು. ಆದರೆ ಒಬ್ಬನಿಗೆ ಕಟ್ಟು ಹಾಕಿ ಅವನ ಮನೆಯವರನ್ನು ಬಿಟ್ಟರೆ ಸಾಲದು ಎಂಬುದನ್ನು ಆ ಸಭೆಯವರು ಕಂಡಿದ್ದರು. ಸಾವಿರ ವರ್ಷ ಕಳೆದು ಬಂದ ಹಲವು ಸಂವಿಧಾನಗಳು ಆ ನೆಂಟರ ಮಾತನ್ನು ಬಿಟ್ಟುಬಿಟ್ಟವು.

ಲಿಖಿತ ಸಂವಿಧಾನದಲ್ಲಿ ಅವಧಿ ಮಿತಿ ಗಟ್ಟಿಯಾಗಿ ಕಾಣಿಸಿಕೊಂಡದ್ದು ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ. ಏಳು ವರ್ಷಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವರ್ಷ ಯಾರೂ ಸಭೆಯ ಸದಸ್ಯರಾಗಿರಬಾರದು ಎಂದು 1776ರ ಪೆನ್ಸಿಲ್ವೇನಿಯ ಸಂವಿಧಾನ ವಿಧಿಸಿತು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಮೊದಲ ಒಡಂಬಡಿಕೆ ಕಾಂಗ್ರೆಸ್ಸಿನ ಪ್ರತಿನಿಧಿಗಳಿಗೆ ಆರು ವರ್ಷಗಳಲ್ಲಿ ಮೂರೇ ವರ್ಷ ಎಂದಿತು. ಈ ನಿಯಮದಿಂದಾಗಿ 1783ರಲ್ಲಿ ಕಾಂಗ್ರೆಸ್ ಬಿಡಬೇಕಾದವರಲ್ಲಿ ಜೇಮ್ಸ್ ಮ್ಯಾಡಿಸನ್ ಒಬ್ಬರು. ನಾಲ್ಕು ವರ್ಷದ ಮೇಲೆ ಫಿಲಡೆಲ್ಫಿಯದಲ್ಲಿ ಹೊಸ ಸಂವಿಧಾನ ಬರೆಯಲು ಕೂತಾಗ, ಮೊದಲ ಕರಡಾದ ವರ್ಜೀನಿಯ ಯೋಜನೆಯಲ್ಲಿ ಕೆಳಮನೆಯ ಸದಸ್ಯರಿಗೆ ತಕ್ಷಣದ ಮರುಆಯ್ಕೆ ಇಲ್ಲವೆಂಬ ಮಾತಿತ್ತು. ಜೂನ್ 1787ರಲ್ಲೇ ಅದನ್ನು ಕೈಬಿಟ್ಟರು. ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಅದೇ ಡಿಸೆಂಬರಿನಲ್ಲಿ ಮ್ಯಾಡಿಸನ್‌ಗೆ ಪತ್ರ ಬರೆದು, ಅಧಿಕಾರದ ಸರದಿಯನ್ನು ಬಿಟ್ಟದ್ದು, ಅದರಲ್ಲೂ ರಾಷ್ಟ್ರಾಧ್ಯಕ್ಷರ ವಿಷಯದಲ್ಲಿ ಬಿಟ್ಟದ್ದು, ತಮಗೆ ಒಪ್ಪಿಗೆಯಿಲ್ಲ ಎಂದು ತಿಳಿಸಿದರು. ಮ್ಯಾಡಿಸನ್ ಅವರ ಎಣಿಕೆ ಬೇರೆ ಇತ್ತು. ಮತ್ತೆ ಮತ್ತೆ ಗೆದ್ದು ಬರುವ ಕೆಲವರಾದರೂ ಸಭೆಯ ಕೆಲಸದಲ್ಲಿ ಪಳಗುತ್ತಾರೆ, ಹೊಸಬರೇ ತುಂಬಿದ ಸಭೆ ಕುಟಿಲರ ಬಲೆಗೆ ಸುಲಭವಾಗಿ ಬೀಳುತ್ತದೆ ಎಂದು ಅವರು ಫೆಡರಲಿಸ್ಟ್ ಲೇಖನಮಾಲೆಯಲ್ಲಿ ವಾದಿಸಿದರು. ಮಿತಿಯ ಪರ ಮತ್ತು ವಿರೋಧದ ವಾದಗಳು ಬಹುಮಟ್ಟಿಗೆ ಇವತ್ತಿಗೂ ಈ ಇಬ್ಬರು ಗೆಳೆಯರು ಹೇಳಿದವೇ ಆಗಿವೆ.

ಹೊಸಬರೇ ತುಂಬಿದ ಸಭೆ ಹೇಗಿರುತ್ತದೆಂಬುದು ಬೇಗನೆ ಫ್ರಾನ್ಸಿನಲ್ಲಿ ತಿಳಿಯಿತು. ಮೇ 1791ರಲ್ಲಿ ಕ್ರಾಂತಿಯ ಮುಂದಾಳು ರೋಬೆಸ್ಪಿಯರ್ ಸೂಚನೆಯ ಮೇರೆಗೆ ಸಂವಿಧಾನ ರಚನಾ ಸಭೆಯವರು ತಾವ್ಯಾರೂ ಮುಂದಿನ ಶಾಸನಸಭೆಗೆ ನಿಲ್ಲುವುದಿಲ್ಲವೆಂದು ನಿರ್ಣಯ ಮಾಡಿಕೊಂಡರು. ಅಕ್ಟೋಬರಿನಲ್ಲಿ ಸೇರಿದ 745 ಸದಸ್ಯರಲ್ಲಿ ಆ ಸಭೆಯ ಅನುಭವ ಇದ್ದವರು ಒಬ್ಬರೂ ಇರಲಿಲ್ಲ. ಎರಡು ವರ್ಷ ಕುಳಿತು ಕಟ್ಟಿದ ಸಂವಿಧಾನವನ್ನು ನಡೆಸುವ ಹೊಣೆ ಅದನ್ನು ಕಟ್ಟದವರ ಮೇಲೆ ಬಿತ್ತು. ಆ ಸಂವಿಧಾನ ಒಂದು ವರ್ಷವೂ ಉಳಿಯಲಿಲ್ಲ. ಯುದ್ಧ, ದೊರೆಯ ಮೇಲಿನ ಅಪನಂಬಿಕೆ, ಹಸಿವು ಎಲ್ಲವೂ ಅದಕ್ಕೆ ಕಾರಣ. ಆದರೆ ಅನುಭವಿಗಳು ಸಭೆಯನ್ನು ಬಿಟ್ಟು ಕ್ಲಬ್ಬುಗಳಲ್ಲಿ ಕೂತು ರಾಜಕೀಯ ನಡೆಸಿದ್ದು ಅದನ್ನು ಇನ್ನಷ್ಟು ಬಲಹೀನಗೊಳಿಸಿತು. ಸ್ಪೇನಿನ 1812ರ ಕಾಡಿಸ್ ಸಂವಿಧಾನವೂ ಒಂದು ಅವಧಿ ಬಿಟ್ಟೇ ಮರುಆಯ್ಕೆ ಎಂಬ ನಿಯಮ ಇಟ್ಟಿತು.

ಅಮೆರಿಕದಲ್ಲಿ ನಿಯಮ ಹೋದರೂ ರೂಢಿ ಉಳಿಯಿತು. 19ನೇ ಶತಮಾನದ ನಡುವಿನವರೆಗೆ ಹಲವು ಕ್ಷೇತ್ರಗಳಲ್ಲಿ ಪಕ್ಷದವರೇ ಸರದಿಯ ಮೇಲೆ ಒಬ್ಬೊಬ್ಬರನ್ನು ಕಳಿಸುತ್ತಿದ್ದರು. ಅಬ್ರಹಾಂ ಲಿಂಕನ್ ಇಲಿನಾಯ್‌ನಿಂದ 1847ರಿಂದ 1849ರವರೆಗೆ ಒಂದೇ ಅವಧಿ ಕೆಳಮನೆಯಲ್ಲಿದ್ದುದು ಇಂಥ ಸರದಿಯಿಂದಲೇ. 20ನೇ ಶತಮಾನದಲ್ಲಿ ಸಮಿತಿಗಳ ಅಧ್ಯಕ್ಷತೆ ಹಿರಿತನದ ಮೇಲೆ ಸಿಗತೊಡಗಿದ ಮೇಲೆ ಚಿತ್ರ ಬದಲಾಯಿತು. ಹೆಚ್ಚು ವರ್ಷ ಇದ್ದವರಿಗೆ ಹೆಚ್ಚು ಅಧಿಕಾರ, ಕ್ಷೇತ್ರಕ್ಕೆ ಹೆಚ್ಚು ಅನುದಾನ. ಮಿಷಿಗನ್ನಿನ ಜಾನ್ ಡಿಂಗೆಲ್ 1955ರಿಂದ 2015ರವರೆಗೆ 59 ವರ್ಷ ಸದಸ್ಯರಾಗಿದ್ದರು. 1951ರ 22ನೇ ತಿದ್ದುಪಡಿ ರಾಷ್ಟ್ರಾಧ್ಯಕ್ಷರಿಗೆ ಎರಡು ಅವಧಿಯ ಮಿತಿ ಹಾಕಿತು. ಕಾಂಗ್ರೆಸ್ ತನಗೆ ಅಂಥದೇನನ್ನೂ ಹಾಕಿಕೊಳ್ಳಲಿಲ್ಲ.

1988ರ ಚುನಾವಣೆಯಲ್ಲಿ ಮತ್ತೆ ನಿಂತ ಕೆಳಮನೆ ಸದಸ್ಯರಲ್ಲಿ ಶೇ. 98ರಷ್ಟು ಮಂದಿ ಗೆದ್ದರು. ಮತದಾರರ ಬೇಸರ 1990ರಲ್ಲಿ ಒಡೆದು ಹೊರಬಂತು. ಒಕ್ಲಹೋಮ, ಕ್ಯಾಲಿಫೋರ್ನಿಯ, ಕೊಲರಾಡೊ ರಾಜ್ಯಗಳು ಆ ವರ್ಷ ಜನಮತದ ಮೂಲಕ ಮಿತಿ ತಂದವು. ಕೊಲರಾಡೊ ತನ್ನ ರಾಷ್ಟ್ರೀಯ ಪ್ರತಿನಿಧಿಗಳನ್ನೂ ಸೇರಿಸಿತು. 1995ರ ಹೊತ್ತಿಗೆ 23 ರಾಜ್ಯಗಳು ಕಾಂಗ್ರೆಸ್ ಸದಸ್ಯರಿಗೆ ಮಿತಿ ಹಾಕಿದ್ದವು. ವಾಷಿಂಗ್ಟನ್ ರಾಜ್ಯದ ಮಿತಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದ ಕೆಳಮನೆಯ ಸ್ಪೀಕರ್ ಟಾಮ್ ಫೋಲಿ 1994ರಲ್ಲಿ ತಮ್ಮ ಕ್ಷೇತ್ರದಲ್ಲೇ ಸೋತರು. ಅಧಿಕಾರದಲ್ಲಿದ್ದ ಸ್ಪೀಕರ್ ಸೋತದ್ದು 1862ರ ನಂತರ ಅದೇ ಮೊದಲು. ಅವರನ್ನು ಸೋಲಿಸಿದ ಜಾರ್ಜ್ ನೆದರ್‌ಕಟ್ ಮೂರೇ ಅವಧಿ ಇರುತ್ತೇನೆಂದು ಮಾತು ಕೊಟ್ಟಿದ್ದರು. 2000ದಲ್ಲಿ ಮಾತು ತಪ್ಪಿ ನಾಲ್ಕನೇ ಸಲ ನಿಂತರು, ಗೆದ್ದರು.

ಚಳವಳಿಗೆ ತಡೆ ಬಿದ್ದದ್ದು ಮೇ 22, 1995ರಂದು. ಮೂರು ಅವಧಿ ಮುಗಿಸಿದ ಕೆಳಮನೆ ಸದಸ್ಯರ ಮತ್ತು ಎರಡು ಅವಧಿ ಮುಗಿಸಿದ ಸೆನೆಟರುಗಳ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕಬಾರದು ಎಂಬ ಅರ್ಕನ್ಸಾ ರಾಜ್ಯದ ನಿಯಮವನ್ನು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ರದ್ದು ಮಾಡಿತು. ವಯಸ್ಸು, ಪೌರತ್ವ, ವಾಸ ಎಂಬ ಅರ್ಹತೆಗಳನ್ನು ಸಂವಿಧಾನವೇ ನಿಗದಿ ಮಾಡಿದೆ, ರಾಜ್ಯಗಳು ಇದಕ್ಕೆ ಇನ್ನೊಂದನ್ನು ಕೂಡಿಸುವಂತಿಲ್ಲ ಎಂದು ಬಹುಮತದ ಪರವಾಗಿ ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಸಂವಿಧಾನ ಸುಮ್ಮನಿರುವ ಕಡೆ ಅಧಿಕಾರ ರಾಜ್ಯದ ಜನರದ್ದೆಂದು ನ್ಯಾಯಮೂರ್ತಿ ಥಾಮಸ್ ಭಿನ್ನಮತ ಬರೆದರು. ಇನ್ನುಳಿದದ್ದು ಸಂವಿಧಾನ ತಿದ್ದುಪಡಿಯ ಹಾದಿ. ಅದೇ ಮಾರ್ಚಿನಲ್ಲಿ ಕೆಳಮನೆಯಲ್ಲಿ 12 ವರ್ಷಗಳ ಮಿತಿಯ ತಿದ್ದುಪಡಿಗೆ 227 ಮತ ಪರವಾಗಿ, 204 ವಿರುದ್ಧವಾಗಿ ಬಂದಿದ್ದವು; ಬೇಕಾದ ಮೂರನೇ ಎರಡು ಬಹುಮತ ಸಿಕ್ಕಿರಲಿಲ್ಲ. 1997ರಲ್ಲಿ ಬೆಂಬಲ 217ಕ್ಕೆ ಇಳಿಯಿತು. ಜನರ ಮನಸ್ಸು ಮಾತ್ರ ಬದಲಾಗಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಶೇ. 87ರಷ್ಟು ಅಮೆರಿಕನ್ನರು ಮಿತಿ ಬೇಕೆಂದರು.

ರಾಜ್ಯಗಳ ಶಾಸನಸಭೆಗಳಿಗೆ ಆ ತೀರ್ಪು ತಟ್ಟಲಿಲ್ಲ, ಹಾಗಾಗಿ ಪ್ರಯೋಗದ ಫಲ ನೋಡಬೇಕಾದದ್ದು ಅಲ್ಲಿ. ಮಿತಿ ತಂದ 21 ರಾಜ್ಯಗಳಲ್ಲಿ ಆರು ಕಡೆ ಕೋರ್ಟುಗಳೋ ಶಾಸನಸಭೆಗಳೋ ಅದನ್ನು ಕಿತ್ತುಹಾಕಿದವು. 2022ರಲ್ಲಿ ನಾರ್ತ್ ಡಕೋಟ ಸೇರಿ ಈಗ 16 ರಾಜ್ಯಗಳಲ್ಲಿ ಮಿತಿ ಇದೆ. ಕೆಳಮನೆಯಲ್ಲಿ ಆರೇ ವರ್ಷ, ಆಜೀವ ಮಿತಿ ಎಂದಿದ್ದ ಕ್ಯಾಲಿಫೋರ್ನಿಯ 2012ರಲ್ಲಿ ಎರಡೂ ಮನೆ ಸೇರಿ 12 ವರ್ಷ ಎಂದು ಸಡಿಲಿಸಿತು. ಮಿಷಿಗನ್ 2022ರಲ್ಲಿ ಅದನ್ನೇ ಮಾಡಿತು. ವಿದ್ವಾಂಸರು ಕಂಡುಕೊಂಡದ್ದು ಹೆಚ್ಚುಕಡಿಮೆ ಒಂದೇ: ಮಹಿಳಾ ಸದಸ್ಯರ ಸಂಖ್ಯೆ ಹೇಳಿದಷ್ಟು ಏರಲಿಲ್ಲ, ಬಜೆಟ್ಟಿನ ಒಳಸುಳಿ ಅರಿಯುವ ಹೊತ್ತಿಗೆ ಸದಸ್ಯರು ಹೊರಡಬೇಕಾಯಿತು, ಗವರ್ನರ್ ಮತ್ತು ಅಧಿಕಾರಿಗಳ ಕೈ ಬಲವಾಯಿತು. ಹೊಸ ಸದಸ್ಯರು ಮಾಹಿತಿಗೆ ಲಾಬಿಗಾರರನ್ನು ಹೆಚ್ಚು ನೆಚ್ಚಬೇಕಾಯಿತು ಎಂದು ಹಲವು ಅಧ್ಯಯನಗಳು ಹೇಳಿದವು.

ರಾಷ್ಟ್ರಮಟ್ಟದಲ್ಲಿ ಅತಿ ದೀರ್ಘಕಾಲ ಮಿತಿಯೊಂದಿಗೆ ಬದುಕಿದ ದೊಡ್ಡ ದೇಶ ಮೆಕ್ಸಿಕೊ. ದಶಕಗಳ ಕಾಲ ಮರುಆಯ್ಕೆಯಾಗುತ್ತಲೇ ಇದ್ದ ಅಧ್ಯಕ್ಷ ಪೋರ್ಫಿರಿಯೊ ಡಿಯಾಸ್ ವಿರುದ್ಧ ಫ್ರಾನ್ಸಿಸ್ಕೊ ಮದೇರೊ 1910ರಲ್ಲಿ ಎತ್ತಿದ ಕೂಗೇ ಮರುಆಯ್ಕೆ ಬೇಡ ಎಂಬುದು. ಅದಕ್ಕಾಗಿ ಕ್ರಾಂತಿಯೇ ನಡೆಯಿತು. ಕ್ರಾಂತಿಯ ಗುರಿ ಅಧ್ಯಕ್ಷ ಪದವಿಯಾಗಿತ್ತು. 1917ರ ಸಂವಿಧಾನ ಸಂಸದರನ್ನು ಮುಟ್ಟಿರಲಿಲ್ಲ. ಸಂಸದರಿಗೆ ಸತತ ಮರುಆಯ್ಕೆ ನಿಷೇಧಿಸಿದ್ದು 1933ರ ತಿದ್ದುಪಡಿ. ಅದನ್ನು ತಂದದ್ದು 1929ರಲ್ಲಿ ಮಾಜಿ ಅಧ್ಯಕ್ಷ ಕಾಯೆಸ್ ಕಟ್ಟಿದ ಆಳುವ ಪಕ್ಷ. ಮೂರು ವರ್ಷ ಮುಗಿಸಿದ ಕೆಳಮನೆ ಸದಸ್ಯ ಮುಂದೆ ಸೆನೆಟರ್ ಆಗಬೇಕೆ, ಗವರ್ನರ್ ಆಗಬೇಕೆ, ನಿಗಮದ ಮುಖ್ಯಸ್ಥನಾಗಬೇಕೆ ಎಂಬುದೆಲ್ಲ ಪಕ್ಷದ ಮೇಲಿನವರ ಮರ್ಜಿ. ಕ್ಷೇತ್ರದ ಮತದಾರರು ಮೆಚ್ಚಿದರೂ ಸಿಟ್ಟಾದರೂ ಅವನ ಭವಿಷ್ಯ ಬದಲಾಗುತ್ತಿರಲಿಲ್ಲ, ಅವರು ಅವನನ್ನು ಮತ್ತೆ ಕಳಿಸುವಂತೆಯೇ ಇರಲಿಲ್ಲವಲ್ಲ. ಅಧ್ಯಕ್ಷ ಕಳಿಸಿದ ಮಸೂದೆಗೆ ಕೈ ಎತ್ತುವುದು ಸದನದ ರೂಢಿಯಾಯಿತು. 1964ರಲ್ಲಿ ಕೆಳಮನೆ ಮರುಆಯ್ಕೆಗೆ ಅವಕಾಶ ಕೊಡುವ ತಿದ್ದುಪಡಿ ಒಪ್ಪಿತು, ಮರುವರ್ಷ ಸೆನೆಟ್ ಅದನ್ನು ತಳ್ಳಿಹಾಕಿತು. ಆ ಪಕ್ಷ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡದ್ದು 1997ರಲ್ಲಿ. ಮೆಕ್ಸಿಕೊದ ಏಕಪಕ್ಷ ಆಳ್ವಿಕೆಗೆ ಬೇರೆ ಆಸರೆಗಳೂ ಇದ್ದವು, ಆದರೆ ಸಂಸತ್ತನ್ನು ಅಧ್ಯಕ್ಷನ ಅಂಗೈಯಲ್ಲಿ ಇಟ್ಟ ನಿಯಮ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

2014ರ ಸುಧಾರಣೆ ಕೆಳಮನೆಯವರಿಗೆ ನಾಲ್ಕು, ಸೆನೆಟರುಗಳಿಗೆ ಎರಡು ಸತತ ಅವಧಿ, ಅಂದರೆ ಇಬ್ಬರಿಗೂ 12 ವರ್ಷ, ಕೊಟ್ಟಿತು. ಆದರೆ ಮರುಆಯ್ಕೆ ಬಯಸುವವರನ್ನು ಅದೇ ಪಕ್ಷವೇ ನಿಲ್ಲಿಸಬೇಕು, ಪಕ್ಷ ಬಿಡುವುದಿದ್ದರೆ ಅರ್ಧ ಅವಧಿಗೆ ಮೊದಲೇ ಬಿಟ್ಟಿರಬೇಕು ಎಂಬ ಷರತ್ತು ಸೇರಿಸಿ ಲಗಾಮನ್ನು ಪಕ್ಷಗಳು ತಮ್ಮ ಬಳಿಯೇ ಇಟ್ಟುಕೊಂಡವು. 2021ರಲ್ಲಿ ಮೊದಲ ಸಲ ಕೆಳಮನೆ ಸದಸ್ಯರು ತಮ್ಮ ಸ್ಥಾನಕ್ಕೆ ಮತ್ತೆ ನಿಂತರು. ಅಧ್ಯಕ್ಷೆ ಕ್ಲೌಡಿಯಾ ಶೇನ್‌ಬಾಮ್ ಮುಂದಿಟ್ಟ ತಿದ್ದುಪಡಿ 2025ರಲ್ಲಿ ಅಂಗೀಕಾರವಾಗಿ, 2030ರಿಂದ ಸತತ ಮರುಆಯ್ಕೆ ಮತ್ತೆ ನಿಷಿದ್ಧವಾಗಲಿದೆ.

ಕೋಸ್ಟರೀಕದ 1949ರ ಸಂವಿಧಾನವೂ ತನ್ನ ಶಾಸನಸಭೆಗೆ ಸತತ ಮರುಆಯ್ಕೆ ನಿಷೇಧಿಸಿದೆ; ಅಲ್ಲಿ ಪ್ರಜಾಪ್ರಭುತ್ವ ಗಟ್ಟಿಯಾಗಿ ಉಳಿದಿದೆ. ಹಾಗಾಗಿ ಮೆಕ್ಸಿಕೊದ ಗತಿಯೇ ಎಲ್ಲರ ಗತಿ ಎನ್ನಲಾಗದು. ಫಿಲಿಪೀನ್ಸ್‌ನಲ್ಲಿ ಆದದ್ದು ಇನ್ನೊಂದು. ಸರ್ವಾಧಿಕಾರಿ ಮಾರ್ಕೋಸ್ ಪದಚ್ಯುತಿಯ ನಂತರ ಬಂದ 1987ರ ಸಂವಿಧಾನ ಕೆಳಮನೆಗೆ ಮೂರು ಸತತ ಅವಧಿ, ಸೆನೆಟ್ಟಿಗೆ ಎರಡು ಎಂದಿತು. ಮಿತಿ ತಲುಪಿದ ಸಂಸದ ಗವರ್ನರ್ ಅಥವಾ ಮೇಯರ್ ಆಗಿ ಹೋಗಿ, ಹೆಂಡತಿಯನ್ನೋ ಮಗನನ್ನೋ ತಮ್ಮನನ್ನೋ ತನ್ನ ಜಾಗಕ್ಕೆ ತರುವುದು ವಾಡಿಕೆಯಾಯಿತು. ರಾಜಕೀಯ ಮನೆತನಗಳನ್ನು ಕಾನೂನು ಮಾಡಿ ನಿಷೇಧಿಸಬೇಕೆಂದು ಅದೇ ಸಂವಿಧಾನ ಹೇಳಿತ್ತು, ಆ ಕಾನೂನು ಮಾಡಬೇಕಾದವರು ಆ ಮನೆತನಗಳವರೇ. ಪೆರುವಿನಲ್ಲಿ ಭ್ರಷ್ಟಾಚಾರದ ಹಗರಣಗಳಿಂದ ರೋಸಿದ ಜನ ಡಿಸೆಂಬರ್ 2018ರ ಜನಮತದಲ್ಲಿ ಸುಮಾರು ಶೇ. 85 ಮತ ಕೊಟ್ಟು ತಕ್ಷಣದ ಮರುಆಯ್ಕೆ ನಿಲ್ಲಿಸಿದರು. 2020ರಲ್ಲಿ ಬಂದ ಹೊಸಬರ ಕಾಂಗ್ರೆಸ್ ಅದೇ ವರ್ಷ ಆ ಜನಮತ ತಂದ ಅಧ್ಯಕ್ಷ ವಿಸ್ಕಾರಾ ಅವರನ್ನೇ ಪದಚ್ಯುತಗೊಳಿಸಿತು. 2024ರಲ್ಲಿ ಕಾಂಗ್ರೆಸ್ಸೇ ತಿದ್ದುಪಡಿ ಮಾಡಿ ನಿಷೇಧ ತೆಗೆಯಿತು.

ಕಾನೂನಿಲ್ಲದೆ ಪಕ್ಷಗಳೇ ಮಿತಿ ಹಾಕಿಕೊಂಡದ್ದೂ ಉಂಟು. 1983ರಲ್ಲಿ ಮೊದಲ ಸಲ ಪಶ್ಚಿಮ ಜರ್ಮನಿಯ ಸಂಸತ್ತಿಗೆ ಬಂದ ಗ್ರೀನ್ ಪಕ್ಷದವರು ಎರಡು ವರ್ಷಕ್ಕೆ ಸ್ಥಾನ ಬಿಟ್ಟು ಮುಂದಿನವರಿಗೆ ಕೊಡುವ ಸರದಿ ನಿಯಮ ಮಾಡಿಕೊಂಡಿದ್ದರು. 1985ರಲ್ಲಿ ಪಕ್ಷದ ಮುಖಂಡೆ ಪೆಟ್ರಾ ಕೆಲ್ಲಿ ಇಳಿಯಲು ಒಪ್ಪಲಿಲ್ಲ, ನಿಯಮ ಬೇಗನೆ ಹೋಯಿತು. ಇಟಲಿಯ ಐದು ನಕ್ಷತ್ರ ಚಳವಳಿ ತನ್ನ ಎರಡು ಅವಧಿಯ ನಿಯಮದಿಂದ 2022ರಲ್ಲಿ ಹೆಸರಾಂತ ಸಂಸದರನ್ನೇ ಹೊರಗಿಟ್ಟಿತು.

ಭಾರತದ ಸಂವಿಧಾನದಲ್ಲಿ ಇಂಥ ಮಿತಿ ಇಲ್ಲ. ಲೋಕಸಭೆಗೆ 25, ರಾಜ್ಯಸಭೆಗೆ 30 ವರ್ಷ ವಯಸ್ಸಾಗಿರಬೇಕೆಂಬ 84ನೇ ವಿಧಿಯಾಗಲಿ, ಅನರ್ಹತೆಗಳನ್ನು ಹೇಳುವ 102ನೇ ವಿಧಿಯಾಗಲಿ ಎಷ್ಟು ಸಲ ಎಂಬುದನ್ನು ಕೇಳುವುದಿಲ್ಲ. ಇಂದ್ರಜಿತ್ ಗುಪ್ತ 11 ಸಲ ಲೋಕಸಭೆಗೆ ಗೆದ್ದಿದ್ದರು. ಪಕ್ಷದ ಮಟ್ಟದಲ್ಲಿ ಸಿಪಿಐ(ಎಂ) ರಾಜ್ಯಸಭೆಗೆ ಎರಡೇ ಅವಧಿ ಎಂಬ ಕಟ್ಟಳೆ ಪಾಲಿಸಿತು; 2017ರಲ್ಲಿ ಪ್ರಧಾನ ಕಾರ್ಯದರ್ಶಿ ಸೀತಾರಾಮ್ ಯೆಚೂರಿ ಅವರಿಗೂ ಮೂರನೆಯದನ್ನು ಕೊಡಲಿಲ್ಲ. 2021ರಲ್ಲಿ ಕೇರಳದಲ್ಲಿ ಎರಡು ಸಲ ಸತತ ಗೆದ್ದವರಿಗೆ ಟಿಕೆಟ್ ನಿರಾಕರಿಸಿ, ಹಣಕಾಸು ಸಚಿವ ಥಾಮಸ್ ಐಸಾಕ್ ಅವರನ್ನೂ ಬಿಟ್ಟು ಚುನಾವಣೆಗೆ ಹೋಯಿತು. ಅದರ ನೇತೃತ್ವದ ರಂಗ 140ರಲ್ಲಿ 99 ಸ್ಥಾನ ಗೆದ್ದಿತು.

ಸರದಿಯ ಇನ್ನೊಂದು ರೂಪ ನಮ್ಮ ಪಂಚಾಯಿತಿಗಳಲ್ಲಿದೆ. 73ನೇ ತಿದ್ದುಪಡಿಯ ಪ್ರಕಾರ ಮೀಸಲು ಸ್ಥಾನಗಳು ಕ್ಷೇತ್ರದಿಂದ ಕ್ಷೇತ್ರಕ್ಕೆ ಸರದಿಯಂತೆ ಬದಲಾಗುತ್ತವೆ. ಕೆಲಸ ಕಲಿತ ಮಹಿಳಾ ಸದಸ್ಯೆಯ ಸ್ಥಾನ ಮುಂದಿನ ಸಲ ಬೇರೆ ವರ್ಗಕ್ಕೆ ಹೋದರೆ ಅವರಿಗೆ ಅದೇ ಕಡೆಯ ಅವಧಿ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿ ತರುವ 2023ರ 106ನೇ ತಿದ್ದುಪಡಿಯೂ ಪ್ರತಿ ಕ್ಷೇತ್ರ ಮರುವಿಂಗಡಣೆಯ ನಂತರ ಸರದಿ ಎನ್ನುತ್ತದೆ. ಹೀಗಾಗಿ ಮಿತಿಯ ಭಾರ ಮೊದಲು ಬೀಳುವುದು ಹೊಸದಾಗಿ ಒಳಬಂದವರ ಮೇಲೆ. ಇದು ನ್ಯಾಯವಲ್ಲ.

ಅಮೆರಿಕದಲ್ಲಿ ಅಪರೂಪವಾದ ಹಾಲಿ ಸದಸ್ಯರ ಸೋಲು ಇಲ್ಲಿ ಅಪರೂಪವಲ್ಲ. 2024ರ ಲೋಕಸಭೆಯಲ್ಲಿ 280 ಮಂದಿ ಮೊದಲ ಸಲ ಬಂದವರು. 2019ರಲ್ಲಿ ಕರ್ನಾಟಕದ ಮತದಾರರು ಒಂದೇ ಚುನಾವಣೆಯಲ್ಲಿ ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರನ್ನು, ಕಲಬುರಗಿಯಲ್ಲಿ ಅದುವರೆಗೆ ಸೋಲನ್ನೇ ಕಾಣದ ಮಲ್ಲಿಕಾರ್ಜುನ ಖರ್ಗೆ ಅವರನ್ನು, ಕೋಲಾರದಲ್ಲಿ ಏಳು ಸಲ ಸತತ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಅವರನ್ನು ಸೋಲಿಸಿದರು. ಮರುವರ್ಷ ದೇವೇಗೌಡರೂ ಖರ್ಗೆಯವರೂ ರಾಜ್ಯದಿಂದ ಅವಿರೋಧವಾಗಿ ರಾಜ್ಯಸಭೆಗೆ ಹೋದರು. ಮತದಾರರಿಗೆ ಇಲ್ಲಿ ಮಿತಿ ಹಾಕುವ ಶಕ್ತಿ ಇದೆ. ಟಿಕೆಟ್ ಹಂಚುವ ಶಕ್ತಿ ಹೈಕಮಾಂಡ್‌ಗಳ ಬಳಿ ಇದೆ, ಪಕ್ಷಾಂತರ ತಡೆಯುವ 1985ರ ಹತ್ತನೇ ಅನುಸೂಚಿ ಬಂದಾಗಿನಿಂದ ಸದನದೊಳಗಿನ ಮತವೂ ಪಕ್ಷದ ವಿಪ್‌ಗೆ ಕಟ್ಟುಬಿದ್ದಿದೆ. ಇದರ ಮೇಲೆ ಅವಧಿ ಮಿತಿಯನ್ನೂ ಹೇರಿದರೆ ಭಾರತದ ಸಂಸದರು 1933ರ ನಂತರದ ಮೆಕ್ಸಿಕೊ ಸಂಸದರ ಸ್ಥಿತಿಗೆ ಬರುತ್ತಾರೆ. ಮಿತಿ ಬೇಕೆನ್ನುವವರು ಮೊದಲು ಅಭ್ಯರ್ಥಿಯ ಆಯ್ಕೆಯನ್ನು ಪಕ್ಷದ ಸಾಮಾನ್ಯ ಸದಸ್ಯರ ಮತಕ್ಕೆ ಒಪ್ಪಿಸುವ, ವಿಪ್ಪನ್ನು ಸರ್ಕಾರದ ಅಳಿವು ಉಳಿವಿನ ಮತಕ್ಕಷ್ಟೇ ನಿಲ್ಲಿಸುವ ಕಾನೂನನ್ನು ಕೇಳಬೇಕು.