ವಿನ್ಯಾಸ ಚಿಂತನೆ: ಅಥಣಿ ಸೀಮೆಯ ಚಪ್ಪಲಿ ಕಸುಬಿನಲ್ಲಿ

ಬಳಸುವವರ ಮತ್ತು ಮಾಡುವವರ ತೊಂದರೆಯನ್ನು ಕಣ್ಣಾರೆ ಕಂಡು, ಮಾದರಿ ಮಾಡಿ, ಬಳಸಿ ನೋಡಿ, ತಿದ್ದುತ್ತ ಪರಿಹಾರ ಹುಡುಕುವ ಕ್ರಮವೇ ವಿನ್ಯಾಸ ಚಿಂತನೆ. ಹರ್ಬರ್ಟ್ ಸೈಮನ್ 1969ರಲ್ಲಿ ಇದಕ್ಕೆ ಶಾಸ್ತ್ರದ ತಳಹದಿ ಹಾಕಿದರು. ಅದಕ್ಕೂ ಮೊದಲೇ, 1958ರಲ್ಲಿ, ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ತಂಬಿಗೆಯನ್ನು ತಲೆಮಾರುಗಳು ತಿದ್ದಿದ ಉತ್ತಮ ವಿನ್ಯಾಸವೆಂದು ಕೊಂಡಾಡಿದ್ದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯಿಂದ.

ಬೆಳಗಾವಿ ಜಿಲ್ಲೆಯ ಅಥಣಿಯಲ್ಲೂ, ಮದಭಾವಿ, ನಿಪ್ಪಾಣಿಗಳಲ್ಲೂ ಇಂಥ ತಿದ್ದುವಿಕೆ ಬಹುಕಾಲದಿಂದ ನಡೆದಿದೆ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿ, ಮೊಳೆಯ ಹಂಗಿಲ್ಲದೆ ತೊಗಲಿನ ದಾರದಿಂದಲೇ ಅಟ್ಟೆ ಹೊಲಿಯುವ ಸಮಗಾರರ ಜೋಡು ಬಿಸಿಲು ನಾಡಿನ ನಡಿಗೆಗೆ ಹೇಳಿ ಮಾಡಿಸಿದ್ದು. ಮಾರಾಟವಾದದ್ದು ಕೊಲ್ಹಾಪುರದ ಪೇಟೆಯಲ್ಲಿ. ‘ಕೊಲ್ಹಾಪುರಿ’ ಎಂಬ ಹೆಸರು ಬಂದದ್ದು ಅದರಿಂದಲೇ.

ಪೇಟೆ ಹಿಗ್ಗಿದಂತೆ ಕೊರತೆಗಳೂ ಎದ್ದು ಕಂಡವು. ಹೊಸ ಜೋಡು ಕಾಲು ಕಚ್ಚುತ್ತಿತ್ತು, ಅಳತೆ ಜೋಡಿಯಿಂದ ಜೋಡಿಗೆ ಬದಲಾಗುತ್ತಿತ್ತು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಗಂಡಸರು ಅಟ್ಟೆ ಕತ್ತರಿಸಿದರೆ, ಮೇಲ್ಪಟ್ಟಿಯ ಹೆಣಿಕೆ, ಹೊಲಿಗೆ ಹೆಂಗಸರದು; ಆ ದುಡಿಮೆಯ ಲೆಕ್ಕ ಮಾತ್ರ ಯಾರ ವಹಿಯಲ್ಲೂ ಇರಲಿಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನ ‘ಅಸೆಂಟ್’ ಸಂಸ್ಥೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಅಥಣಿಯಲ್ಲಿ ಕೆಲಸ ಆರಂಭಿಸಿತು. ಹೆಂಗಸರ ಸ್ವಸಹಾಯ ಸಂಘಗಳು ಒಟ್ಟುಗೂಡಿ ‘ಟೋಹೋಲ್ಡ್’ ಬಳಗವಾದವು. ಅಳತೆಗಳು ನಿಗದಿಯಾದವು, ಪಾದಕ್ಕೆ ಒಗ್ಗುವ ಹಾಸು, ಹೊಸ ಬಣ್ಣ, ಹೊಸ ನಮೂನೆಗಳು ಬಂದವು, ಮಾಲು ವಿದೇಶಕ್ಕೂ ಹೋಯಿತು. ಇವುಗಳಿಗಿಂತ ದೊಡ್ಡದು, ಮನೆಯೊಳಗೆ ಹೊಲಿಯುತ್ತಿದ್ದ ಹೆಣ್ಣುಮಕ್ಕಳು ವ್ಯವಹಾರದ ಮಾತಿಗೆ ಕೂತದ್ದು. ಸಮಸ್ಯೆ ಬರೀ ಚಪ್ಪಲಿಯದಲ್ಲ, ಮಾಡುವ ಕೈಗಳದೂ ಹೌದೆಂದು ಗುರುತಿಸಿದ್ದೇ ಈ ಪ್ರಯತ್ನದ ನಿಜವಾದ ಜಾಣ್ಮೆ.

2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮೂಲ ಹೇಳದೆ ಇದೇ ಮಾದರಿಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿ ಟೀಕೆಗೆ ಗುರಿಯಾಯಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಇನ್ನು ಹೊರಡುವ ಜೋಡುಗಳ ಮೇಲೆ ಅಥಣಿ, ನಿಪ್ಪಾಣಿಯ ಹೆಸರೂ ಇರಬೇಕು.