ಸಾಲು ಮುರಿಯುವ ಕಾರಣಗಳು: ಹಾವೇರಿ ಜಿಲ್ಲೆಯ ಪಠ್ಯಗಳು ಮತ್ತು ಮಾರ್ಕಪ್ ಟ್ಯಾಗ್‌ಗಳು

ಹಳೆಯ ಪಠ್ಯವನ್ನು ಗಣಕಕ್ಕೆ ಏರಿಸುವಾಗ ಸಾಲು ಮುಗಿದಲ್ಲೆಲ್ಲ ಎಚ್‌ಟಿಎಂಎಲ್‌ನ 'ಬಿಆರ್' ಟ್ಯಾಗ್ ಹಾಕಿಬಿಡುವುದುಂಟು. ಪರದೆಯ ಮೇಲೆ ಸಾಲು ಮುರಿಯುತ್ತದೆ, ಏಕೆ ಮುರಿಯಿತೆಂಬುದು ಮಾತ್ರ ದಾಖಲಾಗುವುದಿಲ್ಲ. ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ತಾಲೂಕುಗಳ ಪಠ್ಯಪರಂಪರೆಯನ್ನು ನೋಡಿದರೆ ಈ ಕಾರಣ ಒಂದೇ ಅಲ್ಲ. ಆದ್ದರಿಂದ ಟ್ಯಾಗೂ ಒಂದೇ ಆದರೆ ಸಾಲದು ಎಂಬುದು ಇಲ್ಲಿನ ವಾದ.

ಮೊದಲ ಕಾರಣ ಕಲ್ಲು. ಹಾನಗಲ್ಲ ಕದಂಬರ ಆಳ್ವಿಕೆಗೆ ಸೇರಿದ್ದ ಅಬಲೂರು ಈಗ ಹಿರೇಕೆರೂರು ತಾಲೂಕಿನಲ್ಲಿದೆ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ವೃತ್ತಾಂತ ಹೇಳುವ ಶಾಸನವಿದೆ, ಜೆ.ಎಫ್. ಫ್ಲೀಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂಥ ಶಾಸನಗಳಲ್ಲಿ ಅಕ್ಷರ ಕೆತ್ತುವ ಕಂಡರಣೆಗಾರ ಕಲ್ಲಿನ ಅಂಚು ಬಂದಲ್ಲಿ ಸಾಲು ನಿಲ್ಲಿಸುತ್ತಾನೆ. ಪದ ಮುಗಿಯಲಿ, ಪದ್ಯದ ಪಾದ ಮುಗಿಯಲಿ ಎಂದು ಕಾಯುವುದಿಲ್ಲ. ಶಾಸನ ಸಂಪುಟಗಳು ಸಾಲಿನ ಸಂಖ್ಯೆ, ಪದ್ಯದ ಸಂಖ್ಯೆ ಎರಡನ್ನೂ ಬೇರೆಬೇರೆಯಾಗಿ ಕೊಡುವುದು ಇದಕ್ಕಾಗಿಯೇ.

1987ರಲ್ಲಿ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್ (ಟಿಇಐ) ಮತ್ತು ಅದನ್ನು ಶಾಸನಗಳಿಗೆ ಒಗ್ಗಿಸಿದ 'ಎಪಿಡಾಕ್' ಇದೇ ಭೇದವನ್ನು ಟ್ಯಾಗ್‌ಗಳಲ್ಲಿ ಉಳಿಸುತ್ತವೆ. ಪದ್ಯದ ಪಾದಕ್ಕೆ 'ಎಲ್', ಪದ್ಯಕ್ಕೆ 'ಎಲ್‌ಜಿ', ಕಲ್ಲಿನ ಸಾಲಿಗೆ 'ಎಲ್‌ಬಿ'. 'ಎಲ್‌ಬಿ' ಒಳಗೆ ಏನನ್ನೂ ತುಂಬಿಕೊಳ್ಳದ ಟ್ಯಾಗ್. ಹಾಗಾಗಿ ಪಾದದ ನಡುವೆ, ಪದದ ನಡುವೆಯೂ ಅದನ್ನು ಇಡಬಹುದು. ಒಂದು ಸಾಲು 'ಸೋಮೇ' ಎಂದು ನಿಂತು, ಮುಂದಿನದು 'ಶ್ವರದೇವರ್ಗೆ' ಎಂದು ತೊಡಗಿತೆನ್ನಿ. ನಡುವೆ ಬರಿಯ 'ಬಿಆರ್' ಇದ್ದರೆ ಅದು ಪದದ ಕೊನೆಯೋ ಅಲ್ಲವೋ ತಿಳಿಯದು, 'ಸೋಮೇಶ್ವರ' ಎಂದು ಹುಡುಕಿದವರಿಗೆ ಈ ಸ್ಥಳ ತಪ್ಪಿಹೋಗಬಹುದು. 'ಎಲ್‌ಬಿ'ಗೆ 'ಬ್ರೇಕ್' ಎಂಬ ಗುಣವನ್ನು 'ನೋ' ಎಂದು ಕೊಟ್ಟರೆ ಸಾಲೂ ಉಳಿಯುತ್ತದೆ, ಪದವೂ ಉಳಿಯುತ್ತದೆ.

ಎರಡನೆಯ ಕಾರಣ ಛಂದಸ್ಸು. ಹಿರೇಕೆರೂರು ಸೀಮೆಯವನೆಂದು ಪ್ರಸಿದ್ಧನಾದ ಸರ್ವಜ್ಞನ ತ್ರಿಪದಿಯಲ್ಲಿ ಗಣಗಳು 4, 4, 3ರಂತೆ ಒಟ್ಟು 11. 6 ಮತ್ತು 10ನೆಯವು ಬ್ರಹ್ಮಗಣ. 'ಸರ್ವಜ್ಞ' ಎಂಬ ಅಂಕಿತವನ್ನು ಬೇರೆ ಸಾಲಿಗೆ ಇಳಿಸಿ ನಾಲ್ಕು ಸಾಲಾಗಿ ಅಚ್ಚು ಹಾಕಿದರೂ 'ಎಲ್' ಮೂರೇ ಇರಬೇಕು.

ಮೂರನೆಯದು ಹಾಡುಗಾರಿಕೆ. ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರ (1819–1889) ತತ್ತ್ವಪದಗಳಲ್ಲಿ ಪಲ್ಲವಿ ಒಮ್ಮೆ ಅಚ್ಚಾಗಿ, ನುಡಿನುಡಿಗೂ ಮರಳುತ್ತದೆ. ಪಲ್ಲವಿಗೂ ನುಡಿಗೂ ಬೇರೆ ಬಗೆಯ 'ಎಲ್‌ಜಿ' ಬೇಕು.

ನಾಲ್ಕನೆಯದು ಕವಿಯ ಇಚ್ಛೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಮುಕ್ತಛಂದಸ್ಸನ್ನು ಕನ್ನಡದಲ್ಲಿ ಬೆಳೆಸಿದವರು. ತ್ರಿಪದಿಯ ಸಾಲು ಕಲಸಿಹೋದರೆ ಗಣ ಹಾಕಿ ಮರಳಿ ಪಡೆಯಬಹುದು. ಮುಕ್ತಛಂದದ ಸಾಲು ಒಮ್ಮೆ ಕಳೆದರೆ ಅದನ್ನು ಲೆಕ್ಕದಿಂದ ಹಿಂದಕ್ಕೆ ತರಲಾಗದು. ಅಲ್ಲಿ ಕವಿ ಒಪ್ಪಿದ ಮುದ್ರಣವೇ ಪ್ರಮಾಣ.

ಪರದೆಯ ಅಗಲಕ್ಕೆ ತಕ್ಕಂತೆ ಬೀಳುವ ಐದನೆಯ ಬಗೆಯ ಮುರಿತವೂ ಇದೆ. ಅದು ಪಠ್ಯದ್ದಲ್ಲ, ಅದನ್ನು ಸ್ಟೈಲ್‌ಶೀಟಿಗೆ ಬಿಡಬೇಕು. ಮೊದಲ ನಾಲ್ಕನ್ನು ಕಾರಣಸಹಿತ ಗುರುತಿಸಿದರೆ ಒಂದೇ ಕಡತದಿಂದ ಶಾಸನತಜ್ಞರಿಗೆ ಕಲ್ಲಿನ ಪಾಠ, ಛಂದಸ್ಸಿನ ವಿದ್ಯಾರ್ಥಿಗೆ ಪದ್ಯಪಾಠ, ನಿಘಂಟುಕಾರರಿಗೆ ಇಡಿಯ ಪದಗಳು ದೊರೆಯುತ್ತವೆ.