ಅಟ್ಟದ ಮೇಲಿನ ಹಾಡು

ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನೊಳಗೆ ನಾಲ್ಕಾರು ಕ್ಯಾಸೆಟ್ಟುಗಳು ಬಿದ್ದಿರಬಹುದು. ಒಂದರ ಮೇಲೆ ಕನ್ನಡದಲ್ಲಿ, ಇನ್ನೊಂದರ ಮೇಲೆ ತಮಿಳಿನಲ್ಲಿ ಯಾರದೋ ಮದುವೆಯ ತಾರೀಖು ಬರೆದಿರುತ್ತದೆ. ಅವನ್ನು ಚೆನ್ನಾಗಿ 'ರೀಮಿಕ್ಸ್' ಮಾಡಿಸೋಣ ಎಂದು ಮಗನೋ ಮೊಮ್ಮಗಳೋ ಹೇಳುತ್ತಿದ್ದರೆ, ಕೊಡುವ ಮೊದಲು ನನ್ನ ಎರಡು ಮಾತು ಕೇಳಿ.

ಸೇಲಂ ಸೀಮೆಗೆ ಧ್ವನಿಮುದ್ರಣ ಹೊಸದಲ್ಲ. ಮಲಯಾಳದ ಮೊದಲ ಮಾತಿನ ಚಿತ್ರ 'ಬಾಲನ್' 1938ರಲ್ಲಿ ತಯಾರಾದದ್ದು ಸೇಲಂನಲ್ಲೇ, ಟಿ.ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್‌ನಲ್ಲಿ. ಆದರೆ ರಾಗಿ ಬೀಸುತ್ತಾ ಹಾಡುವ ಅವ್ವನನ್ನು ಆ ಯಂತ್ರದ ಮುಂದೆ ಕೂರಿಸುವವರು ಯಾರು? ಅದೇ 1938ರಲ್ಲಿ ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸರು ದಕ್ಷಿಣ ಭಾರತದಲ್ಲಿ ಸುತ್ತಾಡಿ ಹಾಡುಗಾರರ ದನಿಯನ್ನು ಹಿಡಿದಿಟ್ಟರು. 1984ರಲ್ಲಿ ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಮುದ್ರಣಗಳನ್ನು ತೆಗೆದುಕೊಂಡು ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಮತ್ತೆ ಬಂದರು. ಹಾಡಿದವರನ್ನೂ ಅವರ ಪೀಳಿಗೆಯವರನ್ನೂ ಹುಡುಕಿದರು, ಈಗ ಏನು ಉಳಿದಿದೆ ಎಂದು ಹೊಸದಾಗಿ ದಾಖಲಿಸಿಕೊಂಡರು. ಹಳೆಯದನ್ನು ತಿದ್ದಲಿಲ್ಲ, ಅದರ ಪಕ್ಕದಲ್ಲಿ ಹೊಸದನ್ನು ಇಟ್ಟರು.

ನಮ್ಮ ಹಳ್ಳಿಗಳಿಗೆ ಈ ಕೆಲಸ ಮಾಡಿಕೊಟ್ಟದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು. ಮದರಾಸಿನ ಬರ್ಮಾ ಬಜಾರಿನಿಂದ ಒಂದು ಟೂ-ಇನ್-ಒನ್ ಮನೆಗೆ ಬಂದರೆ ಸಾಕು, ಇಡೀ ಬೀದಿ ಅದರ ಮುಂದೆ ಕೆಮ್ಮಿ, ನಕ್ಕು, ಹಾಡಿ ತನ್ನ ದನಿಯನ್ನು ತಾನೇ ಕೇಳುತ್ತಿತ್ತು. ಸೋಬಾನೆ, ಮಾದಪ್ಪನ ಪದ, ಮಗುವಿನ ಅಳು, ಎಲ್ಲವೂ ಒಂದೇ ಟೇಪಿನಲ್ಲಿ.

ಅದರಲ್ಲಿ ಇನ್ನೊಂದೂ ಇದೆ: ನಮ್ಮ ಕನ್ನಡ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ನಾವು ಈಚೆಗೆ ಉಳಿದೆವು. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಹೊಸೂರಂತೂ ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡಿತು! ಹೀಗೆ ಗೆರೆ ಎಳೆದವರಿಗೆ ನಮ್ಮ ಮಾತು ಹೇಗಿತ್ತೆಂದು ಗೊತ್ತಿಲ್ಲ. ಆ ಟೇಪುಗಳಿಗೆ ಗೊತ್ತು.

ನನ್ನ ಕಥೆ ಹೇಳುತ್ತೇನೆ. ನಮ್ಮ ಸೋದರತ್ತೆಯ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆಯ ಟೇಪನ್ನು ಒಂದು ಪಟ್ಟಣದ ಸ್ಟುಡಿಯೋಗೆ ಕೊಟ್ಟೆ. ಅವರು ಕೀಬೋರ್ಡು, ತಾಳ ಸೇರಿಸಿದರು. ಒಳ್ಳೆಯ ಕಂಠದ ಹುಡುಗಿಯಿಂದ ಮತ್ತೆ ಹಾಡಿಸಿದರು. ಅಜ್ಜಿ 'ಪಂದಲು' ಎನ್ನುತ್ತಿದ್ದ ಕಡೆಯಲ್ಲೆಲ್ಲ ಆ ಹುಡುಗಿ 'ಹಂದರ' ಎಂದಳು. ಶುದ್ಧ ಕನ್ನಡ, ತಪ್ಪೇನಿಲ್ಲ. ಆದರೆ ನಮ್ಮತ್ತೆ ಮದುವೆಯಾದದ್ದು ಪಂದಲಿನ ಕೆಳಗೆ. ಹಳೆಯ ಕ್ಯಾಸೆಟ್ಟು ವಾಪಸು ಬಂದಾಗ ಅದರ ಮೊದಲ ಬದಿಯಲ್ಲಿ ಸಿನಿಮಾ ಹಾಡು ತುಂಬಿತ್ತು. ತಪ್ಪು ನನ್ನದೂ ಹೌದು: ಹಿಂಬದಿಯ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದು ಕೊಟ್ಟಿದ್ದರೆ ಅದರ ಮೇಲೆ ಸುಲಭದಲ್ಲಿ ಯಾರೂ ರೆಕಾರ್ಡು ಮಾಡುತ್ತಿರಲಿಲ್ಲ. ನೀವು ಈ ಹೊತ್ತೇ ಮುರಿದಿಡಿ.

ಹಾಡಿನ ಸರಿಯಾದ ಪಾಠ ಬೇರೆಡೆ ಸಿಗುತ್ತದೆ ಎಂದು ನನಗೆ ಸಮಾಧಾನ ಹೇಳಿದವರಿದ್ದಾರೆ. ಮೇಟೂರು ದಾಟಿ ಪಾಲಾರಿನ ದಾರಿಯಲ್ಲಿ ಬೆಟ್ಟಕ್ಕೆ ಹೋಗುವ ನಿಮಗೆ ಇದು ಒಪ್ಪುವ ಮಾತೇ? ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಮಾದೇಶ್ವರ ಕಾವ್ಯ ಬೇರೆ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದು ಬೇರೆ. ಎರಡೂ ಮಾದಪ್ಪನವೇ. ನಿಮ್ಮ ತಾತ ಹಾಡಿದ್ದು ಮೂರನೆಯದು, ಅದು ಅಚ್ಚಾಗಿಲ್ಲ.

ಹಾಗಾದರೆ ಕೈಹಚ್ಚಲೇ ಬಾರದೇ? ಹಚ್ಚಬಹುದು. ಮೊದಲು ಬೂಷ್ಟು ನೋಡಿ, ಸಡಿಲವಾದ ಟೇಪನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ಸುತ್ತಿ. ಶುಚಿಯಾದ ಒಳ್ಳೆಯ ಯಂತ್ರದಲ್ಲಿ ಹಾಕಿ, ಇದ್ದದ್ದನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಇಡಿ. ರೆಕಾರ್ಡು ಮಾಡುವಾಗ ಬ್ಯಾಟರಿ ಸೊರಗಿದ್ದರೆ ಟೇಪು ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಅಜ್ಜಿಯ ದನಿ ಹಾಡಿನ ಕೊನೆಗೆ ಹತ್ತು ವರ್ಷದ ಹುಡುಗಿಯ ಕೀಚಲಾಗುತ್ತದೆ. ಅದನ್ನು ಪ್ರತಿಯಲ್ಲಿ ಸರಿಪಡಿಸಬಹುದು. ಒಂದೇ ಮೈಕಿನಲ್ಲಿ ಬಿದ್ದ ದನಿಯನ್ನೂ ತಮಟೆಯನ್ನೂ ಬಿಡಿಸುವುದು ಮಾತ್ರ ಬಹುಕಾಲ ಆಗದ ಕೆಲಸವಾಗಿತ್ತು, ಹಾಲಿನಿಂದ ನೀರು ತೆಗೆದ ಹಾಗೆ.

ಈಗ ಆಗುತ್ತಿದೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಕ್ಯಾಸೆಟ್ಟಿಗೆ ಒಂದು ಹಾಡು ಹಾಡಿದ್ದರು. 1980ರಲ್ಲಿ ಅವರ ಕೊಲೆಯಾಯಿತು. 1995ರಲ್ಲಿ ಉಳಿದ ಮೂವರು ಅದನ್ನು ಪೂರ್ತಿ ಮಾಡಲು ಕೂತರು. ಪಿಯಾನೋ ದನಿಯನ್ನು ನುಂಗುತ್ತಿತ್ತು, ವಿದ್ಯುತ್ತಿನ ಗುಂಯ್ ಸದ್ದು ಬೇರೆ, ಕೈಬಿಟ್ಟರು. ಕಂಪ್ಯೂಟರು ದನಿಯನ್ನು ಬೇರೆ ಮಾಡಿಕೊಟ್ಟ ಮೇಲೆ, 2023ರ ನವೆಂಬರಿನಲ್ಲಿ 'ನೌ ಅಂಡ್ ದೆನ್' ಹೊರಬಂತು. ಇಷ್ಟಕ್ಕೂ ಅದು ಸಾಧ್ಯವಾದದ್ದು, ಹಾಳೆಂದು ಕೈಬಿಟ್ಟ ಟೇಪನ್ನು ಯಾರೂ ಅಳಿಸದೆ ಇಟ್ಟಿದ್ದರಿಂದ.

ನಮ್ಮ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಇನ್ನೂ ಕೆಲವು ನಿಮಿಷ ಉಳಿದಿದೆ. ಹಾಡು ಮುಗಿಯುತ್ತದೆ, ಎಲ್ಲೋ ಕೋಳಿ ಕೂಗುತ್ತದೆ. ಅಜ್ಜಿ ಅತ್ತ ತಿರುಗಿ ಯಾರನ್ನೋ ತಮಿಳಿನಲ್ಲಿ 'ಓಡುದಾ?' ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯದೆ ನಮ್ಮ ಕಡೆಗೆ, 'ಇನ್ನೊಂದು ಹೇಳ್ಲೇನಪ್ಪಾ?' ಎನ್ನುತ್ತಾಳೆ. ಟೇಪು ಅಲ್ಲಿಗೆ ಮುಗಿಯುತ್ತದೆ.